ಕುರಿಯ ಹೊಟ್ಟೆಯಲ್ಲಿ ಗುಳಿಗೆ ನಡೆಯುವ ದಾರಿ

ಸಂಜೆಯೊಳಗೆ ಎದ್ದು ನಿಲ್ಲುತ್ತವೆ ಎಂದು ನಾನು ಹೇಳಬಾರದಿತ್ತು. ಹೇಳಿದೆ. ದನ, ಎಮ್ಮೆಗಳಿಗೆ ವರ್ಷಗಟ್ಟಲೆ ನೋವಿನ ಇಂಜೆಕ್ಷನ್ ಚುಚ್ಚಿ ಚುಚ್ಚಿ ಆ ಮಾತು ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. ರೈತರಿಗೂ ಅದೇ ಮಾತು ಬೇಕಾಗಿರುತ್ತದೆ, ನಮಗೂ ಬೇಗ ಮುಂದಿನ ಊರಿಗೆ ಹೋಗುವುದಿರುತ್ತದೆ. ಆದರೆ ಅಂದು ಸೋಮವಾರ ಯಂಕಂಚಿಯ ಆಚೆಯ ಎರೆಹೊಲದಲ್ಲಿ ನಾನು ಕೊಟ್ಟದ್ದು ಇಂಜೆಕ್ಷನ್ ಅಲ್ಲ, ಗುಳಿಗೆ. ಕೊಟ್ಟದ್ದು ದನಕ್ಕಲ್ಲ, ಕುರಿಗೆ. ಈ ವ್ಯತ್ಯಾಸ ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ.

ನಾನು ಮುದ್ದೇಬಿಹಾಳದ ಕಡೆಯವಳು. ಆಗ ಸಿಂದಗಿ ತಾಲ್ಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಜೊತೆಗೆ ಒಬ್ಬರೇ ಜಾನುವಾರು ಪರಿವೀಕ್ಷಕರು. ನಿವೃತ್ತಿಯ ಹತ್ತಿರ ಬಂದಿದ್ದ ಅವರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಕುರಿಯ ಕಾಲು ಹಿಡಿದು ಅದನ್ನು ನೋಯದ ಹಾಗೆ ಕೂರಿಸುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಹಿಂಡಿನಲ್ಲಿ ಇನ್ನೂರರ ಹತ್ತಿರ ಕುರಿಗಳಿದ್ದವು. ಅಲೆಮಾರಿ ಕುರಿಗಾರರದು. ಹಿಂಡಿನ ಯಜಮಾನ ಎಪ್ಪತ್ತರ ಆಸುಪಾಸಿನ ಅಜ್ಜ. ಮಗ ಮರಿಗಳ ಇನ್ನೊಂದು ಹಿಂಡು ಹೊಡೆದುಕೊಂಡು ಬೇರೆ ದಾರಿಗೆ ಹೋಗಿದ್ದ. ಇಲ್ಲಿ ಉಳಿದವರು ಅಜ್ಜ ಮತ್ತು ಅವರ ಸೊಸೆ, ಇಬ್ಬರೇ. ಹೊಲದ ಒಡೆಯರು ಗೊಬ್ಬರಕ್ಕೆಂದು ಎಂಟು ದಿನ ಹೊಲದಲ್ಲಿ ಕುರಿ ತರುಬಿಸಿ ನಿಲ್ಲಿಸಿಕೊಂಡಿದ್ದರು. ಅಷ್ಟರಲ್ಲಿ ಮೂರು ದಿನ ಬಿಡದೆ ಮಳೆ ಹಿಡಿಯಿತು. ಎರೆಮಣ್ಣು ಗೊರಸಿನ ಸಂದಿಗೆ ಮೆತ್ತಿಕೊಂಡು, ಒಳಗೆ ಹಸಿ ಉಳಿದು, ಸಂದಿಯ ತೊಗಲು ಕೊಳೆತು ನಾರತೊಡಗಿತ್ತು. ನಲವತ್ತಮೂರು ಕುರಿ ಕುಂಟುತ್ತಿದ್ದವು. ಕೆಲವು ಮುಂದಿನ ಮೊಣಕಾಲೂರಿ ಮೇಯುತ್ತಿದ್ದವು. ಕೆಲವು ಮೇಯುವುದನ್ನೇ ಬಿಟ್ಟಿದ್ದವು.

ಅವರ ಮುಂದಿನ ಬಿಡಾರ ಬಸವನ ಬಾಗೇವಾಡಿ ತಾಲ್ಲೂಕಿನ ಮಸೂತಿಯ ಹೊಲ. ಆರೇಳು ದಿನದ ನಡಿಗೆ. ಮಳೆ ನಿಂತು ಹದ ಬಂದರೆ ಒಡೆಯರು ಬಿಳಿಜೋಳ ಬಿತ್ತಬೇಕು, ಹಿಂಡು ಹೊರಡಲೇಬೇಕು. ಇದ್ದೊಂದು ಕುದುರೆಗೆ ಬಿಡಾರದ ಗಂಟೇ ಭಾರ, ನಡೆಯಲಾರದ ಕುರಿಯನ್ನು ಹೊತ್ತೊಯ್ಯಲು ಆಗುವುದಿಲ್ಲ. ಅಂಥವನ್ನು ಇಂಡಿ ಕಡೆಯ ಒಬ್ಬ ವ್ಯಾಪಾರಿ ಟೆಂಪೋದಲ್ಲಿ ಬಂದು ಒಯ್ಯುತ್ತಾನೆ. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ.

"ಹನ್ನೊಂದು ಕುರಿ ನಮ್ಮ ತವರಮನೀವ್ರಿ ಬಾಯಾರ," ಎಂದಳು ಸೊಸೆ. ಡಾಕ್ಟರಿಕೆ ಮಾಡುವ ಹೆಣ್ಣುಮಗಳನ್ನು ಅಲ್ಲಿ ಬಾಯಾರ ಎಂದೇ ಕರೆಯುತ್ತಾರೆ. "ಲಗ್ನದಾಗ ನಮ್ಮಪ್ಪ ಎರಡು ಕೊಟ್ಟಿದ್ದ. ಹನ್ನೊಂದಾಗ್ಯಾವ. ಅದರಾಗ ಏಳು ಕುಂಟಾಕತ್ತಾವ. ಹೆಂಗರೆ ಮಾಡಿ ಕಾಲ ಮ್ಯಾಲ ನಿಂದ್ರಸ್ರಿ."

ಆಕೆ ಅದನ್ನು ಬೇಡಿಕೊಳ್ಳುವ ಧ್ವನಿಯಲ್ಲಿ ಹೇಳಲಿಲ್ಲ, ಕೆಲಸ ಹಚ್ಚುವ ಧ್ವನಿಯಲ್ಲಿ ಹೇಳಿದಳು. ನನಗೆ ಆಕೆ ಅಲ್ಲಿಯೇ ಹಿಡಿಸಿದಳು.

ಕೆಲಸ ಶುರುವಾಯಿತು. ಚಾಚಾ ಕುರಿ ಕೂರಿಸುವುದು, ನಾನು ಗೊರಸು ಕೊರೆದು ಕೊಳೆತದ್ದನ್ನು ತೆಗೆಯುವುದು. ಒಂದು ತಗ್ಗು ತೋಡಿ, ತಾಡಪತ್ರಿ ಹಾಸಿ, ಆಸ್ಪತ್ರೆಯಿಂದ ತಂದಿದ್ದ ಮೈಲುತುತ್ತವನ್ನು ನೀರಿಗೆ ಕಲಸಿ, ಆ ನೀಲಿ ನೀರಿನಲ್ಲಿ ಕುರಿಗಳನ್ನು ಒಂದೊಂದಾಗಿ ನಿಲ್ಲಿಸಿದೆವು. ಸೋಂಕಿಗೆ ಆಂಟಿಬಯೋಟಿಕ್ ಇಂಜೆಕ್ಷನ್ ಎಲ್ಲಕ್ಕೂ ಸಾಕಾಗುವಷ್ಟಿತ್ತು. ನೋವು ಮತ್ತು ಬಾವಿನದು ಮಾತ್ರ ತೀರಿಹೋಗಿತ್ತು. ತಾಲ್ಲೂಕಿಗೆ ಬೇಡಿಕೆ ಹೋಗಿತ್ತು, ಮಾಲು ಬಂದಿರಲಿಲ್ಲ.

"ಊರಾನ ಮೆಡಿಕಲ್‌ದಾಗ ಮಂದಿಗಿ ಚುಚ್ಚೂದು ಸಿಗತೈತಿ, ತರ್ಲೇನ್ರಿ?" ಎಂದರು ಚಾಚಾ.

ಅದು ಡೈಕ್ಲೋಫೆನಾಕ್. ದನಕರುಗಳಿಗೆ ನಿಷೇಧವಾಗಿರುವ ಔಷಧ. ಅದನ್ನು ಕೊಟ್ಟ ಪ್ರಾಣಿ ಸತ್ತರೆ, ಅದರ ಹೆಣ ತಿಂದ ರಣಹದ್ದುಗಳು ಸಾಯುತ್ತವೆ. ಬೇಡವೆಂದೆ. ಆಸ್ಪತ್ರೆಯ ಗೋದಾಮಿನಲ್ಲಿ ಮೆಲಾಕ್ಸಿಕಾಮ್ ಎಂಬ, ಹದ್ದಿಗೆ ಅಪಾಯವಿಲ್ಲದ ನೋವಿನ ಗುಳಿಗೆಗಳ ಪೆಟ್ಟಿಗೆಯೊಂದಿತ್ತು, ತರಿಸಿದೆ. ಕೊಂಡಿ ತಕ್ಕಡಿಗೆ ನಾಲ್ಕಾರು ಕುರಿಗಳನ್ನು ತೂಗುಹಾಕಿ ಸರಾಸರಿ ತೂಕ ತೆಗೆದು, ಅಷ್ಟಕ್ಕೆ ತಕ್ಕಂತೆ ಗುಳಿಗೆ ಅರೆದು ನೀರಿಗೆ ಕಲಸಿ, ಸೂಜಿ ತೆಗೆದ ಸಿರಿಂಜಿನಿಂದ ನಲವತ್ತಮೂರಕ್ಕೂ ಕುಡಿಸಿದೆವು. ಮಧ್ಯಾಹ್ನ ಹನ್ನೆರಡಾಗಿತ್ತು. ದಿನಕ್ಕೊಂದು ಸಲದಂತೆ ಇನ್ನೆರಡು ದಿನಕ್ಕಾಗುವಷ್ಟು ಗುಳಿಗೆಯನ್ನು ಅಜ್ಜನ ಕೈಗೆ ಕೊಟ್ಟೆ. ಅಲ್ಲೇ ಆ ಮಾತು ಆಡಿದ್ದು.

"ಸಂಜೀ ಒಳಗ ಎದ್ದು ನಿಂದ್ರತಾವ, ಯಜ್ಜಾ."

ಮಂಗಳವಾರ ನನಗೆ ಬೇರೆ ಕಡೆ ಲಸಿಕೆ ಹಾಕುವ ಕೆಲಸವಿತ್ತು. ಬುಧವಾರ ಬೆಳಗ್ಗೆ ಸೊಸೆಯ ಫೋನ್ ಬಂತು. ಎರಡು ಕುರಿ ಸತ್ತಿವೆ, ಇನ್ನೊಂದು ಬಿದ್ದುಕೊಂಡಿದೆ ಎಂದಳು.

ಹೋದಾಗ ಅಜ್ಜ ನಮ್ಮತ್ತ ತಿರುಗಿಯೂ ನೋಡಲಿಲ್ಲ. ಸತ್ತ ಕುರಿಗಳ ಹಿಂಭಾಗಕ್ಕೆ ಡಾಂಬರಿನಂಥ ಕರಿ ಸಗಣಿ ಮೆತ್ತಿತ್ತು. ಹೊಲದ ಬದುವಿನ ಮೇಲೆಯೇ ಕೊಯ್ದು ನೋಡಿದೆ. ಗೊರಸಿನ ಸೋಂಕು ಕುರಿಯನ್ನು ಹಾಗೆ ಕೊಲ್ಲುವುದಿಲ್ಲ. ನಾಲ್ಕನೆಯ ಹೊಟ್ಟೆ, ಅಂದರೆ ನಿಜವಾಗಿ ಅರಗಿಸುವ ಜಠರದ ಒಳಪದರ ಹುಣ್ಣೆದ್ದು ರಕ್ತ ಸೋರಿತ್ತು. ಮೂತ್ರಪಿಂಡಗಳೂ ಸರಿಯಾಗಿರಲಿಲ್ಲ. ನೋವಿನ ಗುಳಿಗೆ ಅತಿಯಾದರೆ ಆಗುವುದು ಇದೇ. ಅದರಲ್ಲೂ ಕುರಿ ಮಲಗಿದಲ್ಲೇ ಇದ್ದು ನೀರು ಕುಡಿಯದಿದ್ದರೆ ಬೇಗ ಆಗುತ್ತದೆ.

"ಯಜ್ಜಾ, ಗುಳಿಗಿ ಎಷ್ಟ ಸಲ ಕೊಟ್ಟೀರಿ?"

ಉತ್ತರ ಕೊಟ್ಟವಳು ಸೊಸೆ. ಸೋಮವಾರ ನಾವು ಹೋದ ಎರಡು ತಾಸಿಗೆ ಒಂಬತ್ತು ಕುರಿ ಎದ್ದು ಮೇಯತೊಡಗಿದವು. ಮಿಕ್ಕ ಮೂವತ್ತನಾಲ್ಕು ಸಂಜೆಯಾದರೂ ಹಾಗೇ ಇದ್ದವು. ಅಜ್ಜ ಕತ್ತಲಾಗುವ ಮೊದಲು ಅವಕ್ಕೆ ಎರಡನೆಯ ಸರದಿ ಕುಡಿಸಿದರು. ಅವುಗಳಲ್ಲಿ ತಲೆಯನ್ನೂ ಎತ್ತದ ಮೂರಕ್ಕೆ ಉಳಿದ ಗುಳಿಗೆಯನ್ನೆಲ್ಲ ಅರೆದು ಅರ್ಧ ಅಂದು ಸಂಜೆ, ಅರ್ಧ ಮರುದಿನ ನಸುಕಿನಲ್ಲಿ ಹಾಕಿದರು.

"ತಿಳೀಲಾರದ ಮಾಡಿಲ್ಲ," ಎಂದು ಅಜ್ಜ ಈಗ ಬಾಯಿ ಬಿಟ್ಟರು. "ನನ್ನ ಮೊಣಕಾಲಿಗಿ ಗುಳಿಗಿ ನುಂಗಿದ್ರ ಎರಡ ಸಲ ಚಾ ಕುಡ್ಯೂದ್ರಾಗ ನೂವು ಇಳೀತೈತಿ. ಕುರಿಗೆ ಯಾಕ ಇಳಿಯಂಗಿಲ್ಲ? ನೀವ ಅಂದ್ರಿ ಸಂಜೀ ಒಳಗ ಏಳತಾವಂತ. ಏಳ್ಲಿಲ್ಲ ಅಂದ್ರ ಸಾಲ್ಲಿಲ್ಲ ಅಂತ ಅರ್ಥ. ಹಾಕ್ದೆ. ನಿನ್ನಿ ಮಧ್ಯಾನ ಎದ್ದು ನಿಂತ್ವಲ್ಲ, ಮೂರ ಬಿಟ್ಟು ಎಲ್ಲಾನೂ! ನಾ ಎರಡನೇದು ಹಾಕಿದ್ದಕ್ಕ ಎದ್ವು. ನಿಮ್ಮ ಒಂದರಾಗ ಏನೂ ಆಗಿರಲಿಲ್ಲ."

ಅವರ ಲೆಕ್ಕದಲ್ಲಿ ತಪ್ಪು ಹುಡುಕುವುದು ಸುಲಭವಿರಲಿಲ್ಲ. ಕಣ್ಣೆದುರು ಕಂಡದ್ದನ್ನೇ ಹೇಳುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ನನ್ನ ಮೇಲೆ ಬಂದಿತ್ತು. ಅವರ ಕೈಗೆ ಎರಡು ದಿನದ ಮಾಲು ಕೊಟ್ಟು, ಸುಳ್ಳು ಗಡಿಯಾರ ತೋರಿಸಿ ಹೋದವಳು ನಾನೇ ತಾನೆ.

ವಾಪಸು ಬರುವಾಗ ಚಾಚಾ ಮೆಲ್ಲಗೆ ಹೇಳಿದರು: "ಬಾಯಾರ, ರಜಿಸ್ಟರ್‌ದಾಗ ಕಾಲು ಕೊಳತು ಸತ್ವು ಅಂತ ಬರದು ಬಿಡ್ರಿ. ಮುಗೀತು. ಮುದುಕ ಯಾರ ಮುಂದೂ ಹೇಳಂಗಿಲ್ಲ."

ಅವರು ನನ್ನ ಒಳಿತಿಗೇ ಹೇಳಿದ್ದು. ಆದರೆ ಸುಳ್ಳು ಬರೆದರೆ ಮುಂದಿನ ಹಿಂಡಿನಲ್ಲೂ ಇದೇ ಆಗುತ್ತದೆ. ನೋವಿನ ಗುಳಿಗೆ ಹೆಚ್ಚಾಗಿ ಸತ್ತಿವೆ, ಕೊಡುವ ಕ್ರಮವನ್ನು ವೈದ್ಯರು ಸರಿಯಾಗಿ ತಿಳಿಸಿರಲಿಲ್ಲ ಎಂದು ಬರೆದು ಸಹಿ ಹಾಕಿದೆ.

ಅಂದು ಮನೆಯಲ್ಲಿ ಕಾಲೇಜಿನ ಹಳೆಯ ನೋಟ್‌ಬುಕ್ ಹುಡುಕಿದೆ. ಮನುಷ್ಯ ಗುಳಿಗೆ ನುಂಗಿದರೆ ಅದು ನೇರ ಜಠರಕ್ಕೆ ಇಳಿದು, ಅಲ್ಲಿಂದ ಕರುಳಿಗೆ ಹೋಗಿ, ರಕ್ತ ಸೇರುತ್ತದೆ. ಮೆಲುಕು ಹಾಕುವ ಪ್ರಾಣಿಯ ಗುಳಿಗೆ ಮೊದಲು ಬೀಳುವುದು ದೊಡ್ಡ ಹೊಟ್ಟೆಗೆ. ಅಲ್ಲಿ ಕೊಡಗಟ್ಟಲೆ ನೆನೆದ ಮೇವಿರುತ್ತದೆ. ಅದರಲ್ಲಿ ಕಲಸಿಹೋದ ಔಷಧ ಮೇವಿನ ಜೊತೆಗೇ ನಿಧಾನವಾಗಿ ಮುಂದಕ್ಕೆ ಸಾಗಬೇಕು. ಕುರಿಯ ರಕ್ತದಲ್ಲಿ ಈ ಔಷಧ ಏರುತ್ತಾ ಹೋಗಿ ತುದಿ ಮುಟ್ಟಲು ಹೆಚ್ಚುಕಡಿಮೆ ಒಂದು ಹಗಲು ರಾತ್ರಿ ಬೇಕಾಗಬಹುದು. ಬರುವುದು ತಡ, ಆದರೆ ಬಹುಪಾಲು ಬಂದೇ ಬರುತ್ತದೆ. ಹಾಗಾದರೆ ಮಂಗಳವಾರ ಮಧ್ಯಾಹ್ನ ಕುರಿಗಳನ್ನು ಎಬ್ಬಿಸಿದ್ದು ಸೋಮವಾರ ನಾನು ಕುಡಿಸಿದ ಮೊದಲನೆಯ ಸರದಿಯೇ. ಅಜ್ಜ ಅದು ಬರುವ ಮೊದಲೇ ಅದರ ಬೆನ್ನಿಗೆ ಇನ್ನೊಂದನ್ನು ಅಟ್ಟಿದ್ದರು. ಮೂರು ಕುರಿಗಳಿಗೆ ಅಷ್ಟೂ ಒಟ್ಟಿಗೆ ಬಂದು ಅಪ್ಪಳಿಸಿತ್ತು.

ಇಷ್ಟು ಸರಿ. ಆದರೆ ಎರಡೇ ತಾಸಿಗೆ ಎದ್ದ ಆ ಒಂಬತ್ತು? ನೋಟ್‌ಬುಕ್ಕಿನ ಪ್ರಕಾರ ಅವು ಏಳಲೇಬಾರದಿತ್ತು. ಅಜ್ಜನನ್ನು ದಾರಿ ತಪ್ಪಿಸಿದ್ದೂ ಆ ಒಂಬತ್ತೇ. ಅವು ಏಳದೆ ಹೋಗಿದ್ದರೆ, ಗುಳಿಗೆ ಬೇಗ ಹತ್ತುತ್ತದೆಂದು ನಂಬಿ ಅವರು ಉಳಿದವಕ್ಕೆ ಮತ್ತೆ ಕುಡಿಸುತ್ತಿರಲಿಲ್ಲವೇನೋ.

ಗುರುವಾರ ಬೆಳಗ್ಗೆ ಮತ್ತೆ ಹೊಲಕ್ಕೆ ಹೋದೆ. ಗುಳಿಗೆ ಪೂರ್ತಿ ನಿಲ್ಲಿಸಿದ್ದರಿಂದ ನೋವು ಮರಳಿ, ಹಲವು ಕುರಿ ಮತ್ತೆ ಕುಂಟುತ್ತಿದ್ದವು. ಬಿದ್ದಿದ್ದ ಮೂರನೆಯ ಕುರಿ ಬದುಕಿತ್ತು. ಅದು ಸೊಸೆಯದು, ಕಿವಿಯ ಅಂಚು ಬಿಳಿ ಇದ್ದ ಕರಿ ಕುರಿ. ಸೊಸೆ ಅದಕ್ಕೆ ತಾಸಿಗೊಮ್ಮೆ ಬೆಲ್ಲ, ಉಪ್ಪಿನ ನೀರು ಕುಡಿಸುತ್ತಿದ್ದಳು. ಅದು ಹಲ್ಲು ಕಡಿಯುತ್ತಿತ್ತು. ಕುರಿ ಹಲ್ಲು ಕಡಿಯುವುದು ನೋವು ತಡೆಯಲಾರದಾಗ.

"ಇದಕ್ಕರೆ ಒಂದ ಗುಳಿಗಿ ಕೊಡ್ರಿ," ಎಂದಳು.

"ಇದಕ್ಕ ಒಂದ ಚೂರೂ ಕೊಡಂಗಿಲ್ಲ. ಹೊಟ್ಟಿ ಒಳಗ ಹುಣ್ಣಾಗ್ಯಾವ. ಗುಳಿಗಿ ಕೊಟ್ರ ಕಾಲಿನ ನೂವು ಹೊಕ್ಕೈತಿ, ಕುರೀನೂ ಹೊಕ್ಕೈತಿ."

ಔಷಧದ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು, ನೋಯುವ ಪ್ರಾಣಿಯ ಮುಂದೆ ಕೈಕಟ್ಟಿ ಕೂರುವುದು ನನ್ನ ಕೆಲಸದಲ್ಲಿ ಅತ್ಯಂತ ಕೆಟ್ಟ ಭಾಗ. ಗೊರಸು ತೊಳೆದು, ಮುಲಾಮು ಹಚ್ಚಿ, ಒಣ ಜಾಗದಲ್ಲಿ ಮಲಗಿಸಿದೆ. ಅಷ್ಟೇ ನನ್ನಿಂದ ಆದದ್ದು.

ಸೊಸೆಯನ್ನು ಕೇಳಿ ಆ ಒಂಬತ್ತನ್ನು ಒಂದೆಡೆ ತರುಬಿಸಿದೆ. ವಯಸ್ಸು ಒಂದೇ ಅಲ್ಲ, ಬಣ್ಣ ಒಂದೇ ಅಲ್ಲ, ಕಾಲಿನ ಗಾಯವೂ ಒಂದೇ ತರದ್ದಲ್ಲ. ಎಲ್ಲದರ ನೆತ್ತಿಯ ಮೇಲೆ ಮಾತ್ರ ಕೆಮ್ಮಣ್ಣಿನ ಒಂದು ಬೊಟ್ಟಿತ್ತು. ಒಡೆತನದ ಗುರುತಿರಬೇಕೆಂದು ನಾನು ಸೋಮವಾರವೇ ನೋಡಿ ಬಿಟ್ಟಿದ್ದೆ.

"ಇವು ಯಾರ ಪಾಲಿನವು?"

"ಪಾಲಿಂದಲ್ರಿ. ಅವು ತುತ್ತ ಕುಡದಾವ. ಎರಡನೇ ಸಲ ಕುಡಿಸಬಾರ್ದಂತ ನಾನs ಬೊಟ್ಟ ಇಟ್ಟೇನಿ."

"ಯಾವ ತುತ್ತ?"

"ನೀವು ಕಾಲ ತೊಳ್ಯಾಕ ತಂದಿದ್ರೆಲ್ಲ, ಅದs ರಿ."

ಅಜ್ಜ ಮುಂದೆ ಬಂದು ತಾವೇ ವಿವರಿಸಿದರು. ಮಳೆಗಾಲ ಮುಗಿಯುವಾಗ ಕುರಿಯ ಗದ್ದದ ಕೆಳಗೆ ನೀರು ತುಂಬಿದಂತೆ ಊದಿದರೆ ಹೊಟ್ಟೆಯಲ್ಲಿ ಹುಳ ಎಂದು ಅರ್ಥ. ಅದಕ್ಕೆ ಮೈಲುತುತ್ತದ ನೀರನ್ನು ಬಾಟಲಿಯ ಮುಚ್ಚಳದಲ್ಲಿ ಅಳೆದು ಕುಡಿಸುವುದು ಅವರ ತಂದೆಯ ಕಾಲದ ರೂಢಿ. ಸೋಮವಾರ ನಾನು ತುತ್ತ ತಂದದ್ದು ನೋಡಿ, ಮನೆಗೆ ಬಂದ ಭಾಗ್ಯವೆಂದು ಒಂದಿಷ್ಟು ತೆಗೆದಿಟ್ಟುಕೊಂಡು, ಗದ್ದ ಊದಿದ ಒಂಬತ್ತಕ್ಕೆ ಕುಡಿಸಿದ್ದರು. ಅವನ್ನು ಗುಳಿಗೆಯ ಸಾಲಿಗೆ ದೂಡುವ ಸ್ವಲ್ಪ ಮೊದಲು, ನಾವು ಆಚೆ ಬದಿಯಲ್ಲಿ ಗೊರಸು ಕೊರೆಯುತ್ತಿದ್ದಾಗ.

ನಾನು ಅಲ್ಲೇ ಕುರಿಗಳ ನಡುವೆ ಹಾಗೇ ಕುಕ್ಕರಿಸಿದೆ. ನಗು ಬಂತು, ಅಳುವೂ ಬಂತು.

ಕುರಿಮರಿ ಹಾಲು ಕುಡಿಯುವಾಗ ಹಾಲು ದೊಡ್ಡ ಹೊಟ್ಟೆಗೆ ಬೀಳುವುದಿಲ್ಲ. ಗಂಟಲಿನ ಕೆಳಗೆ ಒಂದು ತೋಡು ಇದೆ. ಅದರ ಎರಡು ತುಟಿಗಳು ಕೂಡಿಕೊಂಡು ಕೊಳವೆಯಾಗಿ, ಹಾಲನ್ನು ನೇರ ಜಠರಕ್ಕೆ ಮುಟ್ಟಿಸುತ್ತವೆ. ಮರಿ ಬೆಳೆದು ಮೇವು ತಿನ್ನತೊಡಗಿದ ಮೇಲೆ ಆ ದಾರಿ ಸುಮ್ಮನೆ ತೆರೆದುಕೊಂಡು ಬಿದ್ದಿರುತ್ತದೆ. ಬೆಳೆದ ಕುರಿಯಲ್ಲಿ ಅದನ್ನು ಮತ್ತೆ ಮುಚ್ಚಿ ಕೊಳವೆಯಾಗಿಸುವ ಕೆಲವು ಪದಾರ್ಥಗಳಿವೆ. ಮೈಲುತುತ್ತದ ನೀರು ಅದರಲ್ಲೊಂದು. ಪರೀಕ್ಷೆಗೆ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಕೂಡಲೇ ಮರೆತ ಸಾಲು ಅದು. ಆ ಒಂಬತ್ತರಲ್ಲಿ ತುತ್ತದ ನೀರು ಹಳೆಯ ಹಾಲಿನ ಕೊಳವೆಯನ್ನು ಮತ್ತೆ ಕೂಡಿಸಿತ್ತು, ಬೆನ್ನಿಗೇ ಹೋದ ನನ್ನ ಔಷಧ ದೊಡ್ಡ ಹೊಟ್ಟೆ ತಪ್ಪಿಸಿ ನೇರ ಕೆಳಗಿಳಿದು ಬೇಗ ರಕ್ತ ಸೇರಿತ್ತು. ಅದೇ ಆಗಿರಬೇಕೆಂಬುದು ನನ್ನ ಅಂದಾಜು. ರಕ್ತ ತೆಗೆದು ಅಳೆಯುವ ಯಂತ್ರ ನನ್ನ ಬಳಿ ಇರಲಿಲ್ಲ.

ಅಜ್ಜನಿಗೆ ಹಗೇವಿನ ಲೆಕ್ಕದಲ್ಲಿ ಹೇಳಿದೆ. ನೆಲದೊಳಗೆ ಜೋಳ ತುಂಬಿಡುವ ಹಗೇವು ಅವರು ಕಾಣದ್ದಲ್ಲ.

"ಕುರಿ ದೊಡ್ಡ ಹೊಟ್ಟಿ ಹಗೇವು ಇದ್ದಂಗ, ಯಜ್ಜಾ. ಹಗೇವಿನ್ಯಾಗ ಒಂದ ಹಿಡಿ ಒಗದು ಅದು ತಳಾ ಮುಟ್ಟೂದು ಯಾವಾಗ? ತಡಾ ಆಗತೈತಿ. ಮುಟ್ಟಿಲ್ಲಂತ ಮ್ಯಾಲ ಮ್ಯಾಲ ಒಗದ್ರಿ, ಎಲ್ಲಾ ಕೂಡೆ ಮುಟ್ಟಿದಾಗ ತಳಾನ ಒಡೀತು. ಆ ಒಂಬತ್ತಕ್ಕ ತುತ್ತ ಅಡ್ಡದಾರಿ ತಗದು ಕೊಟ್ಟೈತಿ."

ಅಜ್ಜನ ಕಣ್ಣು ಸತ್ತ ಕುರಿಗಳನ್ನು ಹೂತಿದ್ದ ಮೂಲೆಯ ಕಡೆಗೇ ಇತ್ತು. ನಂತರ ಆಡಿದ ಮಾತು ನನ್ನನ್ನು ಬೆಚ್ಚಿಬೀಳಿಸಿತು.

"ಹಂಗಾರ ಚಲೋ ಆತಲ್ಲ. ಎಲ್ಲಾಕೂ ಮೊದಲ ತುತ್ತ, ಮ್ಯಾಲ ಗುಳಿಗಿ. ಒಂದs ಸಲ. ಎರಡ ತಾಸಿಗೆ ಎಲ್ಲಾ ನಿಂದ್ರತಾವ. ನಾಳಿ ಹೊಂಡತೇವಿ."

ಬುದ್ಧಿವಂತನ ಮಾತು ಅದು. ಒಂದು ಕ್ಷಣ ನನಗೂ ಆಸೆಯಾಯಿತು. ಅಷ್ಟರಲ್ಲಿ ಹೊಲದ ಒಡೆಯರು ಬೈಕಿನಲ್ಲಿ ಬಂದಿಳಿದು, ಮಣ್ಣಿನ ಹೆಂಟೆ ಹಿಡಿದು ಹಿಸುಕಿ, ನಾಳೆ ಟ್ರ್ಯಾಕ್ಟರ್ ಕೂರಿಗೆ ಬರುತ್ತದೆ, ಹಿಂಡು ಎಬ್ಬಿಸಿರಿ ಎಂದರು. ರಸ್ತೆಯ ಬದಿಗೆ ವ್ಯಾಪಾರಿಯ ಟೆಂಪೋ ಅದಾಗಲೇ ಒಂದು ಸುತ್ತು ಬಂದು ಹೋಗಿತ್ತು. ತುತ್ತ ನನ್ನ ಕೈಯಲ್ಲೇ ಇತ್ತು, ಗುಳಿಗೆಯೂ ಇತ್ತು. ನಾನು ಹ್ಞೂಂ ಎಂದರೆ ಎಲ್ಲರೂ ಸುಖಿ.

ಆದರೆ ತುತ್ತ ತಾಮ್ರ. ದನ ಅದನ್ನು ಒಂದಿಷ್ಟು ತಡೆದುಕೊಳ್ಳುತ್ತದೆ, ಕುರಿಗೆ ಅದು ಆಗುವುದಿಲ್ಲ. ಕುರಿಯ ಪಿತ್ತಜನಕಾಂಗ ತಾಮ್ರವನ್ನು ಹೊರಹಾಕದೆ ಕೂಡಿಡುತ್ತಾ ಹೋಗಿ, ದಣಿವಿಗೋ ಹಸಿವಿಗೋ ಒಂದು ದಿನ ರಕ್ತಕ್ಕೆ ಸುರಿದುಬಿಡುತ್ತದೆ. ಕಣ್ಣು ಹಳದಿಯಾಗಿ, ಮೂತ್ರ ಕೆಂಪಾಗಿ ಕುರಿ ಸಾಯುತ್ತದೆ. ದೂರದ ನಡಿಗೆ ಅಂಥ ದಣಿವೇ. ಈ ಹಿಂಡಿನ ಒಡಲಲ್ಲಿ ಹಿಂದಿನ ವರ್ಷಗಳ ಎಷ್ಟು ಮುಚ್ಚಳ ತುತ್ತ ಕೂತಿದೆಯೋ ಯಾರಿಗೆ ಗೊತ್ತು. ಇದರ ಮೇಲೆ, ಎರಡೆರಡು ಸರದಿ ತಿಂದು ನೊಂದಿರುವ ಜಠರಕ್ಕೆ ಔಷಧವನ್ನು ನೇರ ಸುರಿಯುವುದು ನನಗೆ ಸರಿ ಕಾಣಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಡಾಕ್ಟರಿಗೂ ಸಲ್ಲುತ್ತದೆ, ಸೋಮವಾರ ಒಮ್ಮೆ ಸಂದಿತ್ತು.

"ತುತ್ತ ಬ್ಯಾಡ," ಎಂದೆ. "ಹುಳಕ್ಕ ಬ್ಯಾರೆ ಔಷಧ ನಾ ಕೊಡ್ತೇನಿ. ನೂವಿಗೆ ಗುಳಿಗಿ ಒಂದs ಸಲ. ನಾಳಿ ಸಂಜೀಕ. ಆಮ್ಯಾಲ ಒಂದ ದಿನ ಪೂರಾ ಯಾರೂ ಏನೂ ಕೊಡಂಗಿಲ್ಲ. ಆದಿತ್ಯವಾರ ಹೊಂಡ್ರಿ."

ಒಡೆಯರು ಮುಖ ಗಂಟಿಕ್ಕಿದರು. "ಹದ ನಿಮ್ಮ ಮಾತ ಕೇಳತೈತೇನ್ರಿ ಬಾಯಾರ? ಆದಿತ್ಯವಾರ ಅಂದ್ರ ಮ್ಯಾಲ ಒಣಗಿ ಹೊಕ್ಕೈತಿ."

"ನಿಮ್ಮ ಹೊಲದಾಗ ನಿಂತು ಕಾಲು ಕೊಳತಾವ್ರಿ ಸಾವಕಾರ್ರ. ಅವು ನಿಮ್ಮ ಹೊಲಕ್ಕ ಹಾಕಿದ ಗೊಬ್ಬರ ನೀವು ವಾಪಸ್ ಕೊಡತೀರೇನು?"

ಒರಟಾಗಿ ಆಡಿಬಿಟ್ಟೆ. ಚಾಚಾ ಕೆಮ್ಮಿದರು. ಒಡೆಯರು ಕೆಟ್ಟವರಲ್ಲ. ಸುಮ್ಮನೆ ಸುತ್ತಲೂ ನೋಡಿ, ಹಳ್ಳದ ಬದಿಗೆ ಬಿತ್ತದೆ ಬಿಟ್ಟ ಗರಸಿನ, ಅಂದರೆ ಸಣ್ಣ ಕಲ್ಲುಮಣ್ಣಿನ ಪಟ್ಟಿಯನ್ನು ತೋರಿಸಿದರು. ನಾಳೆ ಆಚೆ ತುದಿಯಿಂದ ಬಿತ್ತುತ್ತಾ ಬರುತ್ತೇವೆ, ಆದಿತ್ಯವಾರದ ತನಕ ಕುರಿ ಗರಸಿನ ಮೇಲಿರಲಿ ಎಂದರು. ಕೊಳೆತ ಗೊರಸಿಗೆ ಒಣ ಗರಸಿಗಿಂತ ಒಳ್ಳೆಯ ಹಾಸಿಗೆ ಇಲ್ಲ. ಅದನ್ನು ಕೇಳುವ ಬುದ್ಧಿ ನನಗೆ ಸೋಮವಾರವೇ ಹೊಳೆಯಬೇಕಿತ್ತು.

ಶುಕ್ರವಾರ ಎಲ್ಲ ಗೊರಸುಗಳನ್ನೂ ಮತ್ತೆ ನೋಡಿದೆವು. ಹದಿನಾಲ್ಕು ಕುರಿಗಳಿಗೆ ಗುಳಿಗೆಯ ಅಗತ್ಯವೇ ಉಳಿದಿರಲಿಲ್ಲ. ಇನ್ನೂ ನೋಯುತ್ತಿದ್ದವು ಇಪ್ಪತ್ತಾರು, ಕರಿ ಕುರಿಯನ್ನು ಬಿಟ್ಟು. ಕಪ್ಪು ಸಗಣಿ ಹಾಕಿದ್ದು, ಮೇವು ಬಿಟ್ಟದ್ದು ಅವುಗಳಲ್ಲಿ ಒಂದೂ ಇಲ್ಲವೆಂದು ಒಂದೊಂದನ್ನೂ ನೋಡಿ ಖಾತ್ರಿ ಮಾಡಿಕೊಂಡೆ. ಹೊಟ್ಟೆ ತುಂಬ ನೀರು ಕುಡಿಸಿದೆವು. ಸಂಜೆ ಐದಕ್ಕೆ ಗುಳಿಗೆ ಕುಡಿಸಿ, ಸೊಸೆಯಿಂದ ಪ್ರತಿಯೊಂದಕ್ಕೂ ಕೆಮ್ಮಣ್ಣಿನ ಬೊಟ್ಟಿಡಿಸಿದೆ. ಪೆಟ್ಟಿಗೆಗೆ ಬೀಗ ಹಾಕಿ ಆಸ್ಪತ್ರೆಗೆ ಒಯ್ದೆ.

ಶನಿವಾರ ಬೆಳಕು ಹರಿಯುವಾಗ ಗರಸಿನ ಪಟ್ಟಿಯ ಮೇಲೆ ಇದ್ದೆ. ಲಸಿಕೆ ರಜಿಸ್ಟರಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದೆ. ಎದ್ದು ನಾಲ್ಕೂ ಕಾಲಿನ ಮೇಲೆ ನಡೆದ ಕುರಿಗೆ ಒಂದು ಗೀಟು. ಏಳು ಗಂಟೆಗೆ ಮೂರು ಗೀಟು. ಒಂಬತ್ತು ಗಂಟೆಗೂ ಮೂರೇ. ಆಚೆ ತುದಿಯಲ್ಲಿ ಟ್ರ್ಯಾಕ್ಟರ್ ಸದ್ದು ಮಾಡುತ್ತಾ ಬಿತ್ತುತ್ತಿತ್ತು. ಒಂದೊಂದು ಸಾಲಿಗೂ ನಮ್ಮ ಹತ್ತಿರ ಬರುತ್ತಿತ್ತು.

"ಹದಿನಾರ ತಾಸ ಆತು," ಎಂದರು ಅಜ್ಜ. "ಅರ್ಧರೆ ಕೊಡ್ರಿ ಇನ್ನೊಂದು."

"ಇಲ್ಲ."

"ಕಾಲ ಭಾಗ?"

"ಇಲ್ಲ, ಯಜ್ಜಾ."

ಹನ್ನೊಂದಕ್ಕೆ ಐದು ಗೀಟು. ಅಂದಾಜು ತಪ್ಪಾಗಿದ್ದರೆ? ಮಂಗಳವಾರ ಅವು ಎದ್ದದ್ದು ಅಜ್ಜನ ಎರಡನೆಯ ಸರದಿಗೇ ಆಗಿದ್ದರೆ? ಆಗ ಇಪ್ಪತ್ತೊಂದು ಕುರಿಗಳನ್ನು ಟೆಂಪೋಗೆ ಹತ್ತಿಸಿದವಳು ನಾನಾಗುತ್ತೇನೆ. ಸೊಸೆ ನನ್ನ ಮುಖ ನೋಡಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಂದು ಮುಂದಿಟ್ಟಳು. ತಿಂದೆ, ರುಚಿ ಗೊತ್ತಾಗಲಿಲ್ಲ.

ಹನ್ನೆರಡೂವರೆಗೆ ಒಂದು ಹೆಣ್ಣು ಕುರಿ ಮೊಣಕಾಲೂರಿದ್ದ ಕಡೆಯಿಂದ ಎದ್ದು, ಒಂದು ಕಾಲು ಎತ್ತಿ ಹಿಡಿದು, ನಂತರ ಅದನ್ನೂ ಮೆಲ್ಲಗೆ ಗರಸಿಗೆ ಊರಿತು. ಹಾಗೇ ನಡೆದು ಹೋಗಿ ಜಾಲಿಯ ಕಾಯಿಗೆ ಬಾಯಿ ಹಾಕಿತು. ಅದರ ಹಿಂದೆ ಇನ್ನೆರಡು. ಎರಡು ಗಂಟೆಗೆ ಹದಿನಾಲ್ಕು ಗೀಟು. ನಾಲ್ಕಕ್ಕೆ ಇಪ್ಪತ್ತೆರಡು. ಸೊಸೆ ಎಣಿಸುತ್ತಾ ಎಣಿಸುತ್ತಾ ಬಾಯಿಗೆ ಸೆರಗು ಹಿಡಿದುಕೊಂಡಳು. ಚಾಚಾ ಬೇರೆ ಕಡೆ ತಿರುಗಿ ನಿಂತರು. ನಾನು ಗೀಟೆಳೆಯುವುದರಲ್ಲಿ ಮಗ್ನಳಾದವಳಂತೆ ತಲೆ ತಗ್ಗಿಸಿದೆ. ಕಣ್ಣು ಮಂಜಾಗಿ ಒಂದು ಗೀಟು ಸೊಟ್ಟಗಾಯಿತು.

"ಒಂದರಾಗs ಎದ್ವು," ಎಂದರು ಅಜ್ಜ. ನನಗಲ್ಲ, ತಮಗೇ ಹೇಳಿಕೊಂಡ ಹಾಗೆ. "ಒಂದರಾಗs ಎದ್ವು. ಹಂಗಾರ ಆ ಎರಡನ್ನ ನಾನs..."

"ನಾನು ಸರಿ ಹೇಳಿದ್ರ ನೀವು ಹಾಕತಿರ್ಲಿಲ್ಲ, ಯಜ್ಜಾ. ಅದರಾಗ ನಂದೂ ಪಾಲೈತಿ," ಎಂದೆ.

ಆದಿತ್ಯವಾರ ಬೆಳಗ್ಗೆ ಹೊರಡುವ ಹೊತ್ತಿಗೆ ಹೋದೆ. ಇಪ್ಪತ್ತಾರರಲ್ಲಿ ಇಪ್ಪತ್ತೈದು ನಡೆಯುತ್ತಿದ್ದವು. ಉಳಿದೊಂದು ಕುಂಟುತ್ತಾ ಆದರೂ ಹಿಂಡಿನ ಜೊತೆಗೇ ಹೋಗುತ್ತಿತ್ತು. ಮೊದಲೆರಡು ದಿನ ಸ್ವಲ್ಪವೇ ನಡೆಯಿರಿ ಎಂದೆ. ದಾರಿಗೆಂದು ಎಣಿಸಿ ಕಟ್ಟಿದ ಗುಳಿಗೆಯ ಪೊಟ್ಟಣವನ್ನು ಅಭ್ಯಾಸಬಲದಿಂದ ಅಜ್ಜನ ಕಡೆಗೆ ಚಾಚಿದೆ. ಸೊಸೆ ನಡುವೆ ಕೈ ನೀಡಿದಳು.

"ನನ್ನ ಕೈಯಾಗ ಕೊಡ್ರಿ ಬಾಯಾರ."

ಯಜಮಾನನ ಎದುರಿಗೆ ಸೊಸೆ ಹಾಗೆ ಕೈ ನೀಡುವುದನ್ನು ನಾನು ಆ ಜನರಲ್ಲಿ ಕಂಡಿರಲಿಲ್ಲ. ಆಕೆಯೂ ಮೊದಲ ಸಲ ಮಾಡಿರಬೇಕು.

"ಆಕಿಗೇ ಕೊಡ್ರಿ," ಎಂದರು ಅಜ್ಜ. "ನನ್ನ ಕೈ ತಡಿಯಂಗಿಲ್ಲ."

ರಸ್ತೆಯ ಬದಿಗೆ ಟೆಂಪೋ ನಿಂತಿತ್ತು. ವ್ಯಾಪಾರಿ ಹಿಂಡನ್ನೆಲ್ಲ ಕಣ್ಣಲ್ಲೇ ಅಳೆದು, ನಿರಾಸೆಯಾಗಿ, ಬೇವಿನ ಕೆಳಗೆ ಮಲಗಿದ್ದ ಕರಿ ಕುರಿಯನ್ನು ತೋರಿಸಿದ. ಅದು ಹಿಂದಿನ ದಿನದಿಂದ ನಾಲ್ಕು ಎಸಳು ಹುಲ್ಲು ತಿನ್ನತೊಡಗಿತ್ತು. ನೋವಿಗೆ ಏನೂ ಇಲ್ಲದೆ ತಾನೇ ತಡೆದುಕೊಂಡಿತ್ತು. ನಡೆಯುವುದು ಮಾತ್ರ ದೂರದ ಮಾತು.

"ಇದೊಂದರೆ ಕೊಡಜ್ಜಾ," ಎಂದ ವ್ಯಾಪಾರಿ. "ಹೆಂಗೂ ದಾರ್ಯಾಗ ಸಾಯತೈತಿ."

ಅದಕ್ಕೆ ಗುಳಿಗೆ ಬಿದ್ದಿದೆ, ಔಷಧ ಇನ್ನೂ ಮಾಂಸದಲ್ಲಿರುತ್ತದೆ, ಈಗಲೇ ಕಡಿಯುವಂತಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅಜ್ಜ ಕೈಯೆತ್ತಿ ತಡೆದರು. ಅಜ್ಜ ಕುದುರೆಯ ಹತ್ತಿರ ಹೋಗಿ, ಅದರ ಬೆನ್ನ ಮೇಲಿದ್ದ ತಮ್ಮ ಹಾಸಿಗೆ, ಕಂಬಳಿ, ಪಾತ್ರೆಯ ಗಂಟನ್ನು ಬಿಚ್ಚಿ ಕೆಳಗಿಳಿಸಿದರು. ಕರಿ ಕುರಿಯನ್ನು ಎರಡೂ ತೋಳಲ್ಲಿ ಎತ್ತಿ, ಗಂಟಿದ್ದ ಜಾಗದಲ್ಲಿ ಅಡ್ಡಲಾಗಿ ಕೂರಿಸಿ, ಬಲೆಯ ಚೀಲದಿಂದ ಬಿಗಿದರು. ಆಮೇಲೆ ಬಗ್ಗಿ ಆ ಗಂಟನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡರು.

"ಸತ್ರ ನನ್ನ ಕುದುರಿ ಮ್ಯಾಲ ಸಾಯ್ಲಿ," ಎಂದು ವ್ಯಾಪಾರಿಗೆ ಹೇಳಿ, ಮಸೂತಿಯ ದಾರಿ ಹಿಡಿದರು.